ಹಾರುಬೂದಿಯ ಫಿಲ್ಟರು: ಲಾಭ ಇರುವುದು ಭಟ್ಟಿಯಲ್ಲಿ

ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯಿಂದ ಹಿಡಿದಿಡುವ ಹಾರುಬೂದಿಯ ಬಹುಪಾಲು ಸಿಲಿಕಾ ಮತ್ತು ಅಲ್ಯೂಮಿನಾ. ಸೆರಾಮಿಕ್‌ಗೆ ಬೇಕಾದದ್ದೂ ಇವೇ. ಹಾಗಾಗಿ ಬೂದಿಯಿಂದ ನೀರು ಸೋಸುವ ಬಿಲ್ಲೆ, ಕೊಳವೆಗಳನ್ನು ಮಾಡಬಹುದು ಎಂದೊಡನೆ, ತ್ಯಾಜ್ಯದ ಸಮಸ್ಯೆಗೆ ದಾರಿ ಸಿಕ್ಕಿತು ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ದೇಶದಲ್ಲಿ ವರ್ಷಕ್ಕೆ 20 ಕೋಟಿ ಟನ್ನಿಗೂ ಹೆಚ್ಚು ಬೂದಿ ಬೀಳುತ್ತದೆ. ಅದನ್ನು ದೊಡ್ಡ ಪ್ರಮಾಣದಲ್ಲಿ ನುಂಗಬಲ್ಲವು ಸಿಮೆಂಟು, ಇಟ್ಟಿಗೆ, ರಸ್ತೆಗಳು. ಎಷ್ಟು ಫಿಲ್ಟರು ಮಾರಿದರೂ ಬೂದಿಗುಡ್ಡ ಕರಗದು. ಈ ಫಿಲ್ಟರಿನ ನಿಜವಾದ ಲಾಭ ಸುಡುವ ಖರ್ಚಿನಲ್ಲಿದೆ.

ಕಾರ್ಖಾನೆಗಳು ಬಳಸುವ ಅಲ್ಯೂಮಿನಾ ಫಿಲ್ಟರಿಗೆ ಶುದ್ಧ ಪುಡಿ ಬೇಕು, ಸಾಮಾನ್ಯವಾಗಿ 1500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉರಿಯೂ ಬೇಕು. ಹಾರುಬೂದಿಯ ಕಣಗಳಾದರೋ ಹೆಚ್ಚಾಗಿ ಗಾಜಿನ ಸಣ್ಣ ಗುಂಡುಗಳು. ಸುಮಾರು 1000ದಿಂದ 1200 ಡಿಗ್ರಿಯಲ್ಲೇ ಅವುಗಳ ಮೈ ಮೆತ್ತಗಾಗಿ, ಒಂದಕ್ಕೊಂದು ತಾಗಿದಲ್ಲಿ ಬೆಸೆದುಕೊಳ್ಳುತ್ತವೆ; ನಡುವಿನ ಸಂದುಗಳೇ ನೀರು ಹರಿಯುವ ರಂಧ್ರಗಳು. ಮಂಡಕ್ಕಿ ಉಂಡೆಯಂತೆ: ಪಾಕ ಕಡಿಮೆಯಾದರೆ ಉದುರುತ್ತದೆ, ಹೆಚ್ಚಾದರೆ ಸಂದುಗಳೆಲ್ಲ ಮುಚ್ಚಿ ಗಟ್ಟಿಯಾಗುತ್ತದೆ. ರಂಧ್ರ ಸಾಲದಿದ್ದರೆ ಮರದ ಹೊಟ್ಟನ್ನೋ ಸುಣ್ಣಕಲ್ಲಿನ ಪುಡಿಯನ್ನೋ ಬೆರೆಸುತ್ತಾರೆ. ಹೊಟ್ಟು ಸುಟ್ಟುಹೋಗಿ ತನ್ನ ಜಾಗ ಖಾಲಿ ಬಿಡುತ್ತದೆ. ಸುಣ್ಣಕಲ್ಲು ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟು ದಾರಿ ಮಾಡುತ್ತದೆ. ಉಪಾಯವೇನೂ ಹೊಸದಲ್ಲ. ಗ್ವಾಟೆಮಾಲಾದ ಫರ್ನಾಂಡೋ ಮಸಾರಿಯೇಗೋಸ್ 1981ರಲ್ಲಿ ರೂಪಿಸಿದ ಕುಡಿಯುವ ನೀರಿನ ಮಡಕೆಯಲ್ಲೂ ಜೇಡಿಮಣ್ಣಿನೊಳಗಿನ ಹೊಟ್ಟು ಉರಿದೇ ರಂಧ್ರವಾಗುತ್ತದೆ.

ಆದರೆ ಬೂದಿಯಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ ಇರುತ್ತವಲ್ಲ, ಅವು ನೀರಿಗೆ ಇಳಿಯುವುದಿಲ್ಲವೇ? ಆಕ್ಷೇಪ ಸರಿಯಾದದ್ದೇ. ಸುಟ್ಟಾಗ ಲೋಹಗಳ ಒಂದು ಪಾಲು ಗಾಜಿನೊಳಗೆ ಸಿಕ್ಕಿಬೀಳುತ್ತದೆ, ಎಲ್ಲವೂ ಅಲ್ಲ. ಆಮ್ಲೀಯ ನೀರು ಇನ್ನಷ್ಟನ್ನು ಎಳೆದೀತು. ಆದ್ದರಿಂದ ಪ್ರತಿ ಕಂತಿನ ಮಾಲನ್ನೂ ನೀರಲ್ಲಿ ಬಿಟ್ಟು ಪರೀಕ್ಷಿಸಬೇಕು, ಮತ್ತು ಮೊದಲ ಬಳಕೆ ಕುಡಿಯುವ ನೀರಿಗಲ್ಲ, ಕಾರ್ಖಾನೆಯ ಕೊಳೆನೀರಿಗೆ ಆಗಬೇಕು. ಕಲ್ಲಿದ್ದಲು ಗಣಿಯಿಂದ ಗಣಿಗೆ ಬೇರೆಯಾಗುವುದರಿಂದ ಬೂದಿಯೂ ಒಂದೇ ಥರ ಬರದು ಎಂಬುದು ಇನ್ನೊಂದು ತಕರಾರು. ಕಬ್ಬಿಣ, ಸುಣ್ಣದ ಅಂಶ ಏರಿದರೆ ಬೂದಿ ಬೇಗ ಕರಗಿ ರಂಧ್ರ ಮುಚ್ಚುತ್ತದೆ. ಅದಕ್ಕೆ ಮೊದಲೇ ಅಳೆದು ಬೆರೆಸುವುದೇ ಉತ್ತರ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ಲಾಸ್ಟಿಕ್ ಪೊರೆಯ ಫಿಲ್ಟರು ಇದಕ್ಕಿಂತ ಅಗ್ಗವಲ್ಲವೇ ಎಂದರೆ, ಕೊಳ್ಳುವಾಗ ಹೌದು. ಆದರೆ ಎಣ್ಣೆ, ಜಿಡ್ಡು ಕಟ್ಟಿಕೊಂಡ ಪ್ಲಾಸ್ಟಿಕ್ ಪೊರೆಯನ್ನು ಹೆಚ್ಚು ಬಿಸಿಗೆ ಒಡ್ಡಲಾಗದು, ಸೆರಾಮಿಕ್ಕನ್ನು ಮತ್ತೆ ಭಟ್ಟಿಗಿಟ್ಟು ಜಿಡ್ಡನ್ನೇ ಸುಡಬಹುದು. ಮೈಕ್ರಾನ್ ಗಾತ್ರದ ರಂಧ್ರ ಎಣ್ಣೆಹನಿ, ತೇಲುಕಣಗಳನ್ನು ತಡೆಯುತ್ತದೆ. ಕರಗಿದ ಬಣ್ಣ, ಉಪ್ಪು ಸಲೀಸಾಗಿ ದಾಟುತ್ತವೆ, ಅವಕ್ಕೆ ಮುಂದೆ ಇನ್ನೊಂದು ಘಟಕ ಬೇಕೇ ಬೇಕು.