ಹಾರಿ, ಬೆಣೆ, ಜಾಜಿನ ದಾರ

ಉದಗೀರ ಕೋಟೆಯ ಕಂದಕದ ಅಂಚಿಗೆ ನಿಂತು ಇಣುಕಿದರೆ ಸುಮಾರು 40 ಅಡಿ ಆಳ. ಎದುರಿಗೆ ಕರಿಕಲ್ಲಿನ ಗೋಡೆ, ಬುರುಜು, ಸಂದಿಯಲ್ಲಿ ಒಣಗಿ ನಿಂತ ಹುಲ್ಲು. 1760ರಲ್ಲಿ ಮರಾಠರ ಸೇನಾನಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ್ದು ಈ ಊರಿನ ಸೀಮೆಯಲ್ಲಿ. ಕೋಟೆ ನೋಡಲು ಬಂದವರು ಮರಾಠಿಯಲ್ಲಾಗಲಿ, ಕನ್ನಡದಲ್ಲಾಗಲಿ, ದಖನಿ ಉರ್ದುವಿನಲ್ಲಾಗಲಿ ಕೊನೆಗೆ ಕೇಳುವುದು ಒಂದೇ ಮಾತು: ಕ್ರೇನ್ ಇಲ್ಲದ ಕಾಲದಾಗ ಇಷ್ಟು ದೊಡ್ಡ ಕಲ್ಲು ಹೆಂಗ ಎತ್ತಿದ್ರು? ಹಳಬರು ರಾಕ್ಷಸರ ಹೆಸರು ಹೇಳುತ್ತಿದ್ದರು, ಒಂದೇ ರಾತ್ರಿಯಲ್ಲಿ ಎದ್ದ ಗುಡಿಗಳ ಕಥೆ ಹೇಳುತ್ತಿದ್ದರು. ಈಗ ಮೊಬೈಲ್ ನೋಡಿದ ಹುಡುಗರು ಬೇರೆ ಗ್ರಹದಿಂದ ಬಂದವರ ಹೆಸರು ಹೇಳುತ್ತಾರೆ. ಕಲ್ಲೊಡೆದವರ ಹೆಸರು ಆಗಲೂ ಇಲ್ಲ, ಈಗಲೂ ಇಲ್ಲ. ನನಗೆ ಸಂಕಟವಾಗುವುದು ಅಲ್ಲಿಯೇ.

ಉತ್ತರ ಬೇಕೆಂದರೆ ಊರಾಚೆಯ ಕಲ್ಲಿನ ಖಣಿಗೆ ಹೋಗಬೇಕು. ಉದಗೀರ ಮತ್ತು ಈ ಸೀಮೆಯ ನಿಲಂಗಾ, ಉಮರ್ಗಾ ಊರುಗಳು ಮೂರೂ ಕೂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಮೇಲೆ. ಬೇಸಿಗೆಯ ಎರೆಹೊಲ ಬಿರಿಯುವ ಹಾಗೆ ಆ ಲಾವಾ ಆರುವಾಗಲೇ ಉದ್ದಕ್ಕೂ ಅಡ್ಡಕ್ಕೂ ಬಿರಿದಿದೆ. ಅರ್ಧ ಕೆಲಸವನ್ನು ನೆಲವೇ ಮಾಡಿಟ್ಟಿದೆ. ಬಿರುಕು ಎಲ್ಲಿದೆ ಎಂದು ಗುರುತಿಸುವುದು ಮನುಷ್ಯನ ಪಾಲು.

ಈ ಸೀಮೆಯಲ್ಲಿ ಆ ಕಸುಬು ಬಹುಮಟ್ಟಿಗೆ ವಡ್ಡರದು. ಕಲ್ಲು ವಡ್ಡರು, ಮಣ್ಣು ವಡ್ಡರು, ಬಂಡಿ ವಡ್ಡರು ಎಂದು ಕೆಲಸದ ಮೇಲೆಯೇ ಅವರ ಒಳಗುಂಪುಗಳು. ಅನುಭವಸ್ಥ ಬಂದ ತಕ್ಷಣ ಸುತ್ತಿಗೆ ಎತ್ತುವುದಿಲ್ಲ. ಮೊದಲು ಬಂಡೆಯ ಮೇಲೆ ನೀರು ಚಿಮುಕಿಸುತ್ತಾನೆ. ಬಿಸಿಲಿಗೆ ಮೈಯೆಲ್ಲ ಒಣಗಿದರೂ ಕಣ್ಣಿಗೆ ಕಾಣದಿದ್ದ ಬಿರುಕೊಂದು ಹಸಿಗೆರೆಯಾಗಿ ಉಳಿದುಬಿಡುತ್ತದೆ. ಒಡೆಯಬೇಕಾದ ಕಡೆ ಜಾಜಿನಲ್ಲಿ, ಅಂದರೆ ಕೆಮ್ಮಣ್ಣಿನ ಬಣ್ಣದಲ್ಲಿ, ಅದ್ದಿದ ದಾರವನ್ನು ಬಿಗಿಹಿಡಿದು ಮೀಟಿದರೆ ಕೆಂಪು ಗೆರೆ ಬೀಳುತ್ತದೆ. ಆ ಗೆರೆಯುದ್ದಕ್ಕೂ ಗೇಣಿಗೊಂದರಂತೆ ಚಾಣದಿಂದ ಕುಳಿ ತೋಡಿ, ಕುಳಿಗೊಂದು ಕಬ್ಬಿಣದ ಬೆಣೆ ಕೂರಿಸುತ್ತಾರೆ. ಒಂದೇ ಬೆಣೆಯನ್ನು ಜಪ್ಪುವುದಿಲ್ಲ. ಈ ತುದಿಯಿಂದ ಆ ತುದಿಗೆ ಒಂದೊಂದಕ್ಕೂ ಒಂದೊಂದೇ ಪೆಟ್ಟು, ಮತ್ತೆ ಮೊದಲಿನಿಂದ. ಮೊದಮೊದಲು ಠಣ್ ಎನ್ನುವ ಸದ್ದು ಬರಬರುತ್ತ ಮಂದವಾಗುತ್ತದೆ. “ತಡಿಯೋ, ಬಿರಿಲತ್ತದ” ಎಂದು ಹಿರಿಯ ಕೈ ಅಡ್ಡ ಹಿಡಿದರೆ ಸುತ್ತಿಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಬೆಣೆಯಿಂದ ಬೆಣೆಗೆ ಕೂದಲೆಳೆಯಂಥ ಗೆರೆ ಓಡಿ ಬಂಡೆ ಎರಡಾಗುತ್ತದೆ.

ಇದರಲ್ಲಿ ಮಂತ್ರವಿಲ್ಲ. ಕಲ್ಲು ತನ್ನನ್ನು ಒತ್ತುವ ದೊಡ್ಡ ಬಲವನ್ನೂ ತಾಳುತ್ತದೆ. ಆದರೆ ಎರಡು ಕಡೆಗೆ ಎಳೆದರೆ ಆ ಬಲದ ಸುಮಾರು ಹತ್ತರಲ್ಲೊಂದು ಪಾಲಿಗೇ ಸೋಲುತ್ತದೆ. ಮೇಲಿನಿಂದ ಬಿದ್ದ ಪೆಟ್ಟನ್ನು ಬೆಣೆ ಪಕ್ಕಕ್ಕೆ ತಿರುಗಿಸಿ, ಆ ಸೋಲುವ ಜಾಗಕ್ಕೇ ಮುಟ್ಟಿಸುತ್ತದೆ.

ಇನ್ನು ಎತ್ತುವ ಮಾತು. ಗುಡಿಯ ತೊಲೆಗಲ್ಲೊಂದು ಎರಡೂವರೆ ಮೀಟರ್ ಉದ್ದ, ಅಗಲ ದಪ್ಪ ಎರಡೂ ಮೊಳದಷ್ಟು ಎಂದುಕೊಳ್ಳಿ. ಕರಿಕಲ್ಲಿನಲ್ಲಿ ಅದರ ತೂಕ ಸುಮಾರು ಒಂದೂವರೆ ಟನ್. ಹತ್ತು ಜನ ತಬ್ಬಿ ಹಿಡಿದರೂ ಅಲುಗದು. ಅದರ ಒಂದು ತುದಿಯ ಕೆಳಗೆ ಹಾರಿ ತೂರಿಸಿ, ಹಾರಿಗೆ ಒಂದು ಗುಂಡುಕಲ್ಲನ್ನು ಆನಿಕೆ ಕೊಟ್ಟು, ಕೈಯ ಕಡೆಯ ಉದ್ದ ಹತ್ತು ಪಾಲು, ಕಲ್ಲಿನ ಕಡೆ ಒಂದು ಪಾಲು ಇರುವಂತೆ ಮಾಡಿ. ಇನ್ನೊಂದು ತುದಿ ನೆಲದ ಮೇಲೇ ಇರುವುದರಿಂದ ಹಾರಿಯ ಪಾಲಿಗೆ ಬರುವುದು ಅರ್ಧ ತೂಕ. ಅದರ ಹತ್ತರಲ್ಲೊಂದು ಪಾಲು ಎಂದರೆ 75 ಕಿಲೋ. ಇಬ್ಬರು ಮೈಭಾರ ಹಾಕಿದರೆ ತುದಿ ಎರಡು ಬೆರಳು ಮೇಲೇಳುತ್ತದೆ. ಸಂದಿಗೆ ಚಕ್ಕೆ ತುರುಕಬೇಕು, ಆಚೆ ತುದಿಗೆ ಹೋಗಬೇಕು, ಮತ್ತೆ ಎರಡು ಬೆರಳು. ಕೆಳಗೆ ಮರದ ಉರುಳೆ ಸೇರಿತೆಂದರೆ ಆಮೇಲೆ ಹಗ್ಗ, ಎತ್ತು, ಮತ್ತು ಎಲ್ಲರ ಉಸಿರನ್ನು ಒಂದೇ ಕ್ಷಣಕ್ಕೆ ತರುವ “ಐಸಾ” ಕೂಗು.

ನಿಲಂಗಾದ ನೀಲಕಂಠೇಶ್ವರ ಗುಡಿಯ ಕಂಬಗಳ ನಡುವೆ ನಿಂತಾಗ ಈ ಲೆಕ್ಕ ಮನಸ್ಸಿನಲ್ಲಿರಬೇಕು. ಮೂರು ಗರ್ಭಗುಡಿಯ ಈ ಕಲ್ಯಾಣ ಚಾಲುಕ್ಯ ಶೈಲಿಯ ಗುಡಿಯನ್ನು ಊರವರು ಹೇಮಾಡಪಂತಿ ಎನ್ನುತ್ತಾರೆ. ಗಾರೆಯಿಲ್ಲದ ಕರಿಗಲ್ಲಿನ ಗುಡಿಗಳೆಲ್ಲಕ್ಕೂ ಇಲ್ಲಿ ಅದೇ ಹೆಸರು. ಆದರೆ ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ 13ನೇ ಶತಮಾನದವನು. ಈ ಶೈಲಿ ಅವನಿಗಿಂತ ಹಳೆಯದು, ಅದು ಬೆಳೆದ ಕಾಲದಲ್ಲಿ ಉಮರ್ಗಾಕ್ಕೆ ಹತ್ತಿರದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ತೊಲೆಗಳನ್ನು ಕಂಬದ ತಲೆಗೆ ಏರಿಸಲು ಗುಡಿ ಕಟ್ಟುವವರ ಹಳೆಯ ಉಪಾಯ ಮಣ್ಣು. ಗೋಡೆ ಏರಿದಂತೆ ಒಳಗೂ ಹೊರಗೂ ಮಣ್ಣು ತುಂಬಿ ಇಳಿಜಾರು ಮಾಡುವುದು, ಉರುಳೆಯ ಮೇಲೆ ಕಲ್ಲು ತರುವುದು, ಎಲ್ಲ ಕೂತ ಮೇಲೆ ಮಣ್ಣು ಹೊರಹಾಕುವುದು.

ಕೂದಲು ತೂರದ ಹಾಗೆ ಕಲ್ಲಿಗೆ ಕಲ್ಲು ಕೂರುವುದಕ್ಕೂ ಉತ್ತರ ಜಾಜಿನ ಬಟ್ಟಲಿನಲ್ಲಿದೆ. ನೆಟ್ಟಗಿನ ಹಲಗೆಗೆ ಜಾಜು ಸವರಿ ಕಲ್ಲಿನ ಮುಖಕ್ಕೆ ಒತ್ತಿ ತೆಗೆದರೆ ಉಬ್ಬಿದ ಕಡೆಯಷ್ಟೇ ಕೆಂಪಾಗುತ್ತದೆ. ಆ ಕೆಂಪನ್ನಷ್ಟೇ ಉಳಿಯಿಂದ ಕೆತ್ತಿ ಮತ್ತೆ ಹಲಗೆ ಒತ್ತುತ್ತಾರೆ. ಮುಖವೆಲ್ಲ ಸಮನಾಗಿ ಕೆಂಪಾಗುವ ತನಕ ಇದೇ ಕೆಲಸ. ಆಮೇಲೆ ಮರಳು, ನೀರು, ಉಜ್ಜುವ ಕಲ್ಲು.

ನಿಲಂಗಾದ ಪಶ್ಚಿಮಕ್ಕೆ, ಔಸಾ ತಾಲೂಕಿನ ಖರೋಸಾ ಗುಡ್ಡದಲ್ಲಿ ಎತ್ತುವ ಕೆಲಸವನ್ನೇ ಬಿಟ್ಟರು. ಕಟ್ಟುವ ಬದಲು ಕೆಂಪು ಜಂಬಿಟ್ಟಿಗೆ ಗುಡ್ಡವನ್ನೇ ಒಳಕ್ಕೆ ಕೊರೆದು ಗುಹೆ ಮಾಡಿದರು. ಆಗ ತಾನೇ ಕಡಿದ ಜಂಬಿಟ್ಟಿಗೆ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಕರಿಕಲ್ಲಿನಲ್ಲಿ ಅದೇ ವಿದ್ಯೆಯ ಫಲ ಎಲ್ಲೋರದ ಕೈಲಾಸ ಗುಡಿ. ಅದನ್ನು ಮಾಡಿಸಿದ 8ನೇ ಶತಮಾನದ ಒಂದನೆಯ ಕೃಷ್ಣ ರಾಷ್ಟ್ರಕೂಟ ಅರಸ. ಆ ವಂಶದವರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಲಟ್ಟಲೂರೆಂದರೆ ಉದಗೀರ, ನಿಲಂಗಾಗಳ ಇಂದಿನ ಜಿಲ್ಲಾಕೇಂದ್ರ ಲಾತೂರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಕೈಲಾಸದ ಕಥೆಯಲ್ಲಿ ರಾಣಿಯೊಬ್ಬಳು ಶಿಖರ ಕಾಣುವ ತನಕ ಊಟ ಮಾಡೆನೆಂದು ವ್ರತ ಹಿಡಿಯುತ್ತಾಳೆ. ಕೋಕಸನೆಂಬ ಶಿಲ್ಪಿ ಶಿಖರದಿಂದಲೇ ಶುರುಮಾಡಿ ವಾರದೊಳಗೆ ತೋರಿಸುತ್ತಾನೆ. ವಾರವೆಂಬುದು ಕಥೆ, ಶಿಖರ ಮೊದಲೆಂಬುದು ನಿಜ. ಮೇಲಿನಿಂದ ಕೆಳಕ್ಕೆ ಕಡಿದುಕೊಂಡು ಬಂದರೆ ಸಾರವೆ ಬೇಡ, ಎತ್ತುವುದೂ ಬೇಡ. ಪುರಾತತ್ವಜ್ಞ ಎಂ. ಕೆ. ಢವಳೀಕರ ಲೆಕ್ಕ ಹಾಕಿದ್ದರು: ಒಬ್ಬ ಆಳು ದಿನಕ್ಕೆ ನಾಲ್ಕು ಘನ ಅಡಿ ಕಡಿದರೆ 250 ಜನರಿಗೆ ಐದೂವರೆ ವರ್ಷದ ಕೆಲಸ. ದೊಡ್ಡ ದುಡಿಮೆ, ಆದರೆ ಮನುಷ್ಯರ ದುಡಿಮೆ.

ಕಲ್ಲನ್ನು ಕೆತ್ತಿ ಕಲ್ಲಿಗೆ ಕಲ್ಲು ಕೂರಿಸುವ ಈ ವಿದ್ಯೆ ಕೈತಪ್ಪಿದರೆ ಏನಾಗುತ್ತದೆಂದು ಇದೇ ಸೀಮೆ ಕಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಕಡೆ ನೆಲ ನಡುಗಿ ಹತ್ತಿರ ಹತ್ತಿರ 10,000 ಜನ ಸತ್ತರು. ಮಲಗಿದ್ದವರ ಮೇಲೆ ಬಿದ್ದದ್ದು ಅದೇ ಕರಿಕಲ್ಲು. ಕೆತ್ತದ ಗುಂಡುಗಲ್ಲುಗಳನ್ನು ಕೆಸರಿನಲ್ಲಿ ಇಟ್ಟು ಏರಿಸಿದ ದಪ್ಪ ಗೋಡೆಗಳು ಅವು. ಒಳಮೈಯಿಂದ ಹೊರಮೈಗೆ ಅಡ್ಡಲಾಗಿ ಹೋಗಿ ಎರಡನ್ನೂ ಹಿಡಿಯಬೇಕಾದ ಉದ್ದ ಕಲ್ಲು ಅವುಗಳಲ್ಲಿ ಇರಲಿಲ್ಲ. ಗೋಡೆ ಎರಡು ಪದರವಾಗಿ ಸೀಳಿತು, ಮೇಲಿನ ಮಣ್ಣಿನ ಮಾಳಿಗೆ ಕುಸಿಯಿತು.

ಉಳಿದ ಮನೆಗಳನ್ನು ಗಟ್ಟಿಮಾಡಲು ಆಮೇಲೆ ಎಂಜಿನಿಯರರು ಕಲಿಸಿಕೊಟ್ಟ ದಾರಿಯೂ ಹಾರಿಯದೇ. ಗೋಡೆಯಿಂದ ಒಂದು ಕಲ್ಲನ್ನು ಹಾರಿಯಿಂದ ಮೆಲ್ಲಗೆ ಸಡಿಲಿಸಿ ತೆಗೆಯಬೇಕು. ಈಚೆಯಿಂದ ಆಚೆಗೆ ತೂತು ಬಿದ್ದ ಮೇಲೆ ಎರಡೂ ತುದಿ ಕೊಕ್ಕೆಯಾಗಿ ಬಾಗಿಸಿದ ಕಬ್ಬಿಣದ ಸರಳನ್ನು ಒಳಗಿಟ್ಟು ಕಾಂಕ್ರೀಟ್ ತುಂಬಬೇಕು. ಒಂದು ತುಂಬಿದ ಮೇಲೆ ಆಚೆ ಇನ್ನೊಂದು.