ಸಾಂದ್ರತೆ ಮತ್ತು ವಿಶ್ವದ ರಚನೆ

ಭೌತಶಾಸ್ತ್ರದ ವ್ಯಾಸಂಗವನ್ನು ಆರಂಭಿಸುವ ವಿದ್ಯಾರ್ಥಿಗೆ ಮೊಟ್ಟಮೊದಲು ಪರಿಚಯವಾಗುವ ಪರಿಮಾಣಗಳಲ್ಲಿ ಸಾಂದ್ರತೆಯೂ ಒಂದು. ಒಂದು ವಸ್ತುವಿನ ದ್ರವ್ಯರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದರೆ ದೊರೆಯುವ ಲಬ್ಧವೇ ಸಾಂದ್ರತೆ. ಇದರ ಲಕ್ಷಣವು ಇಷ್ಟು ಸರಳವಾಗಿರುವುದರಿಂದಲೋ ಏನೋ, ಪರೀಕ್ಷೆ ಮುಗಿದ ಬಳಿಕ ಇದನ್ನು ಕುರಿತು ಮತ್ತೆ ಆಲೋಚಿಸುವವರು ವಿರಳ. ಪ್ರಕೃತ ಲೇಖನದಲ್ಲಿ ನಾವು ಎರಡು ಸಂಗತಿಗಳನ್ನು ವಾಚಕರ ಮುಂದಿಡಬಯಸುತ್ತೇವೆ. ಕಣ್ಣಿಗೆ ಕಾಣದ ಒಳಭಾಗಗಳ ಸ್ವರೂಪವನ್ನು ಊಹಿಸಲು ಸರಾಸರಿ ಸಾಂದ್ರತೆಯು ಒಂದು ಪ್ರಬಲವಾದ ಸಾಧನವೆಂಬುದು ಮೊದಲನೆಯದು. ಗುರುತ್ವಾಕರ್ಷಣವಿರುವೆಡೆಯಲ್ಲಿ ಸಾಂದ್ರತೆಯ ಅತ್ಯಲ್ಪ ವ್ಯತ್ಯಾಸವೂ ಅತಿ ಮಹತ್ತಾದ ಪರಿಣಾಮಗಳನ್ನು ಉಂಟುಮಾಡಬಲ್ಲದು ಎಂಬುದು ಎರಡನೆಯದು. ಕೆರೆಯ ನೀರಿನಿಂದ ಮೊದಲುಗೊಂಡು ವಿಶ್ವದವರೆಗೆ ಈ ಎರಡು ತತ್ತ್ವಗಳು ಹೇಗೆ ವ್ಯಾಪಿಸಿವೆ ಎಂಬುದನ್ನು ಈಗ ಪರಿಶೀಲಿಸೋಣ.

1. ನೀರು

ಬಹುತೇಕ ದ್ರವಗಳು ತಣಿದಂತೆಲ್ಲ ಕುಗ್ಗುತ್ತವೆ. ಅವುಗಳ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಶುದ್ಧವಾದ ನೀರು ಮಾತ್ರ ಸುಮಾರು 4 ಡಿಗ್ರಿ ಸೆಂಟಿಗ್ರೇಡಿನವರೆಗೆ ಹೀಗೆ ನಡೆದುಕೊಂಡು, ಅಲ್ಲಿಂದ ಕೆಳಗೆ ತಣಿಸಿದರೆ ಹಿಗ್ಗತೊಡಗುತ್ತದೆ. 4 ಡಿಗ್ರಿಯಲ್ಲಿ ಇರುವ ನೀರಿಗೂ 0 ಡಿಗ್ರಿಯಲ್ಲಿ ಇರುವ ನೀರಿಗೂ ನಡುವಣ ಸಾಂದ್ರತೆಯ ಅಂತರವು ಹತ್ತು ಸಾವಿರಕ್ಕೆ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಇಷ್ಟು ಅಲ್ಪವಾದ ಅಂತರದಿಂದ ಆಗುವುದೇನು? ಚಳಿಗಾಲದಲ್ಲಿ ಕಾಶ್ಮೀರದ ದಾಲ್ ಸರೋವರದಂತಹ ಜಲಾಶಯದ ಮೇಲ್ಭಾಗವು ತಣಿದಾಗ, ಆ ನೀರು 4 ಡಿಗ್ರಿಯನ್ನು ಮುಟ್ಟುವವರೆಗೆ ಭಾರವಾಗಿ ಕೆಳಕ್ಕಿಳಿಯುತ್ತದೆ. ಸರೋವರವೆಲ್ಲ ಆ ಉಷ್ಣತೆಗೆ ಬಂದ ಮೇಲೆ, ಇನ್ನೂ ತಣಿದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆ; ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯ ಸಾಂದ್ರತೆಯು ಘನ ಸೆಂಟಿಮೀಟರಿಗೆ 0.917 ಗ್ರಾಂ ಆದುದರಿಂದ ಅದು ತೇಲುತ್ತ, ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ನೀರು ಇತರ ದ್ರವಗಳಂತೆಯೇ ಇದ್ದಿದ್ದ ಪಕ್ಷದಲ್ಲಿ, ಶೀತಪ್ರದೇಶದ ಸರೋವರಗಳು ತಳದಿಂದ ಮೇಲಕ್ಕೆ ಹೆಪ್ಪುಗಟ್ಟಿ, ಮೀನು ಮೊದಲಾದ ಜಲಚರಗಳಿಗೆ ಉಳಿಗಾಲವಿರುತ್ತಿರಲಿಲ್ಲ.

ಸಮುದ್ರದಲ್ಲಿ ಉಷ್ಣತೆಯೊಡನೆ ಉಪ್ಪಿನ ಪ್ರಮಾಣವೂ ಸೇರಿ ಸಾಂದ್ರತೆಯನ್ನು ನಿರ್ಣಯಿಸುತ್ತದೆ. ಇದಕ್ಕೆ ನಮ್ಮ ದೇಶದ ಎರಡು ಪಕ್ಕಗಳಲ್ಲಿರುವ ಕಡಲುಗಳೇ ಉತ್ತಮ ನಿದರ್ಶನ. ಗಂಗೆ, ಬ್ರಹ್ಮಪುತ್ರೆ, ಐರಾವತಿಗಳ ಜೊತೆಗೆ ನಮ್ಮ ಕೃಷ್ಣೆ ಕಾವೇರಿಗಳೂ ಬಂಗಾಳ ಕೊಲ್ಲಿಯನ್ನೇ ಸೇರುತ್ತವೆ. ಅಲ್ಲಿ ಮಳೆಯೂ ಹೇರಳ. ಈ ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಕೊಲ್ಲಿಯ ಮೇಲೆ, ವಿಶೇಷವಾಗಿ ಅದರ ಉತ್ತರ ಭಾಗದಲ್ಲಿ, ತೆಳುವಾದ ಪದರವಾಗಿ ಹರಡುತ್ತದೆ. ಈ ಪದರಕ್ಕೂ ಕೆಳಗಿನ ನೀರಿಗೂ ಇರುವ ಸಾಂದ್ರತೆಯ ಅಂತರ ಸಾವಿರಕ್ಕೆ ಕೆಲವೇ ಭಾಗ. ಆದಾಗ್ಯೂ ಗಾಳಿಯು ಎಷ್ಟೇ ಕಲಕಿದರೂ ಆಳದ ತಣ್ಣೀರು ಸುಲಭವಾಗಿ ಮೇಲೇರಲಾರದು. ಆದುದರಿಂದ ಕೊಲ್ಲಿಯ ಮೇಲ್ಮೈ ಬಹುಕಾಲ ಬೆಚ್ಚಗೇ ಉಳಿಯುತ್ತದೆ. ಅರಬ್ಬೀ ಸಮುದ್ರದಲ್ಲಾದರೋ ಸೇರುವ ನದಿಗಳ ನೀರು ಕಡಿಮೆ, ಆವಿಯಾಗುವುದು ಹೆಚ್ಚು. ಅಲ್ಲಿಯ ಮೇಲ್ನೀರು ಹೆಚ್ಚು ಉಪ್ಪಾಗಿದ್ದು, ಆಳದ ನೀರಿನೊಡನೆ ಸುಲಭವಾಗಿ ಬೆರೆಯುತ್ತದೆ. ಚಂಡಮಾರುತಗಳು ಬಂಗಾಳ ಕೊಲ್ಲಿಯಲ್ಲಿ ಹೆಚ್ಚಾಗಿ ಏಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಈ ಭೇದವೂ ಒಂದು. ಪೂರ್ವತೀರದ ಲಕ್ಷಾಂತರ ಜನರ ಕ್ಷೇಮವು ಸಾವಿರಕ್ಕೆ ಕೆಲವು ಭಾಗಗಳಷ್ಟಿರುವ ಒಂದು ಅಂತರವನ್ನು ಇಷ್ಟುಮಟ್ಟಿಗೆ ಅವಲಂಬಿಸಿದೆ.

2. ಭೂಮಿ

ಇನ್ನು ನೆಲದತ್ತ ತಿರುಗೋಣ. 1798ರಲ್ಲಿ ಹೆನ್ರಿ ಕ್ಯಾವೆಂಡಿಷನು ಸೀಸದ ಗುಂಡುಗಳ ಪರಸ್ಪರ ಆಕರ್ಷಣವನ್ನು ತಿರುಚು ತಕ್ಕಡಿಯಿಂದ ಅಳೆದು, ಭೂಮಿಯ ಸರಾಸರಿ ಸಾಂದ್ರತೆಯು ನೀರಿನ ಸುಮಾರು ಐದೂವರೆಯಷ್ಟೆಂದು ಕಂಡುಹಿಡಿದನು. ಇಂದು ಅಂಗೀಕೃತವಾಗಿರುವ ಬೆಲೆ 5.51. ನಮ್ಮ ಕಾಲಕೆಳಗಿನ ಗ್ರಾನೈಟಿನ ಸಾಂದ್ರತೆಯಾದರೋ ಸುಮಾರು 2.7 ಮಾತ್ರ. ಹೊರಭಾಗವು ಸರಾಸರಿಗಿಂತ ಇಷ್ಟು ಹಗುರವಾಗಿದ್ದರೆ ಒಳಭಾಗವು ಸರಾಸರಿಗಿಂತ ಬಹಳ ಭಾರವಾಗಿರಲೇಬೇಕು. ಒಂದು ಮೊಳವನ್ನೂ ಅಗೆಯದೆ, ಭೂಗರ್ಭದಲ್ಲಿ ಭಾರವಾದ ದ್ರವ್ಯವಿದೆಯೆಂಬ ನಿರ್ಣಯಕ್ಕೆ ಬರಲು ಇದರಿಂದ ಸಾಧ್ಯವಾಯಿತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದ ಆರ್. ಡಿ. ಓಲ್ಡ್‌ಹ್ಯಾಮ್ ಅವರು 1906ರಲ್ಲಿ ಭೂಕಂಪದ ಅಲೆಗಳ ಅಧ್ಯಯನದಿಂದ ಭೂಮಿಗೆ ಪ್ರತ್ಯೇಕವಾದ ತಿರುಳುಂಟೆಂದು ತೋರಿಸಿದರು. ಬಹುಮಟ್ಟಿಗೆ ಕಬ್ಬಿಣದಿಂದಾದ ಆ ತಿರುಳಿನ ಸಾಂದ್ರತೆ ಸುಮಾರು 10ರಿಂದ 13ರವರೆಗೆ ಇದೆ. ಭೂಮಿಯು ಕರಗಿದ್ದ ಕಾಲದಲ್ಲಿ ಭಾರವಾದ ಕಬ್ಬಿಣವು ಕೆಳಗಿಳಿಯಿತು, ಹಗುರವಾದ ಶಿಲಾದ್ರವ್ಯವು ಮೇಲೆ ನಿಂತಿತು.

ಪರ್ವತಗಳ ವಿಷಯದಲ್ಲಿಯೂ ಇದೇ ತತ್ತ್ವವು ಅನ್ವಯಿಸುತ್ತದೆಂಬುದು ಭಾರತದಲ್ಲಿ ನಡೆದ ಭೂಮಾಪನದಿಂದ ಬೆಳಕಿಗೆ ಬಂದಿತು. ಹಿಮಾಲಯಕ್ಕೆ ಸಮೀಪವಾದ ಕಲಿಯಾನಾ, ಮಧ್ಯಭಾರತದ ಕಲಿಯಾನ್‌ಪುರ, ಈ ಎರಡು ಸ್ಥಳಗಳ ನಡುವಣ ಅಕ್ಷಾಂಶದ ಅಂತರವನ್ನು ಜಾರ್ಜ್ ಎವರೆಸ್ಟರ ನೇತೃತ್ವದಲ್ಲಿ ಎರಡು ಬಗೆಯಾಗಿ ಅಳೆಯಲಾಯಿತು: ನೆಲದ ಮೇಲೆ ತ್ರಿಕೋನಗಳನ್ನು ಹೆಣೆಯುವುದರಿಂದ ಒಮ್ಮೆ, ನಕ್ಷತ್ರಗಳ ವೀಕ್ಷಣೆಯಿಂದ ಇನ್ನೊಮ್ಮೆ. ಎರಡು ಫಲಿತಾಂಶಗಳಿಗೂ ಸುಮಾರು 5.2 ಸೆಕೆಂಡು ಕೋನದಷ್ಟು, ಎಂದರೆ ನೆಲದ ಮೇಲೆ ಸುಮಾರು 160 ಮೀಟರಿನಷ್ಟು, ವ್ಯತ್ಯಾಸವು ಕಂಡುಬಂದಿತು. ಪರ್ವತರಾಶಿಯು ತೂಗುಗುಂಡನ್ನು ತನ್ನತ್ತ ಸೆಳೆದುದೇ ಇದಕ್ಕೆ ಕಾರಣವಿರಬೇಕೆಂದು ಕಲ್ಕತ್ತೆಯ ಆರ್ಚ್‌ಡೀಕನ್ ಆಗಿದ್ದ ಜೆ. ಎಚ್. ಪ್ರ್ಯಾಟ್ ಅವರು ಭಾವಿಸಿ, 1855ರಲ್ಲಿ ಆ ಸೆಳೆತದ ಲೆಕ್ಕವನ್ನು ಪ್ರಕಟಿಸಿದರು. ಬಂದ ಉತ್ತರ 15.9 ಸೆಕೆಂಡುಗಳಷ್ಟು! ಇರಬೇಕಾದ ಸೆಳೆತದಲ್ಲಿ ಮೂರರಲ್ಲೊಂದು ಭಾಗ ಮಾತ್ರ ಕಂಡುಬಂದಿತ್ತು.

ಹಾಗಾದರೆ ಹಿಮಾಲಯವು ಟೊಳ್ಳೇ? ಅದೇ ವರ್ಷ ಜಿ. ಬಿ. ಏರಿ ಅವರು ಇದಕ್ಕೆ ಸಮಾಧಾನವನ್ನು ಸೂಚಿಸಿದರು. ಭೂಮಿಯ ಹೊರಚಿಪ್ಪು ತನಗಿಂತ ಸಾಂದ್ರವಾದ ದ್ರವ್ಯದ ಮೇಲೆ ತೇಲುತ್ತಿದೆ. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಹೆಚ್ಚು ಎತ್ತರಕ್ಕೆ ಕಾಣುವ ದಿಮ್ಮಿಯೇ ಹೆಚ್ಚು ಆಳಕ್ಕೂ ಇಳಿದಿರುವಂತೆ, ಎತ್ತರವಾದ ಪರ್ವತಕ್ಕೆ ಆಳವಾದ ಬೇರಿದೆ. ಹಗುರವಾದ ಈ ಬೇರು ಭಾರವಾದ ದ್ರವ್ಯದ ಸ್ಥಾನವನ್ನು ಆಕ್ರಮಿಸಿರುವುದರಿಂದ ಒಟ್ಟು ಸೆಳೆತವು ಕಡಿಮೆಯಾಗುತ್ತದೆ. ಪರ್ವತದ ಕೆಳಗಿನ ಶಿಲಾಸ್ತಂಭದ ಸಾಂದ್ರತೆಯೇ ಕಡಿಮೆಯೆಂಬ ಬೇರೊಂದು ವಾದವನ್ನು ಪ್ರ್ಯಾಟ್ ಅವರು ಬಳಿಕ ಮುಂದಿಟ್ಟರು. ಭೂಕಂಪದ ಅಲೆಗಳ ಅಧ್ಯಯನವು ಹಿಮಾಲಯದ ಮಟ್ಟಿಗೆ ಏರಿ ಅವರ ಊಹೆಯನ್ನು ಬೆಂಬಲಿಸಿದೆ: ಭೂಖಂಡಗಳ ಚಿಪ್ಪು ಸಾಮಾನ್ಯವಾಗಿ 35ರಿಂದ 40 ಕಿಲೋಮೀಟರು ದಪ್ಪವಿದ್ದರೆ, ಹಿಮಾಲಯ ಮತ್ತು ಟಿಬೆಟ್ಟಿನ ಕೆಳಗೆ ಅದು 70 ಕಿಲೋಮೀಟರಿನಷ್ಟಿದೆ. ಚಿಪ್ಪಿನ ಸಾಂದ್ರತೆ ಸುಮಾರು 2.8, ಅದರ ಕೆಳಗಿನ ಕವಚದ್ದು 3.3. ಈ ಅರ್ಧದಷ್ಟು ಅಂತರವೇ ಗಿರಿರಾಜನನ್ನು ಎತ್ತಿ ನಿಲ್ಲಿಸಿದೆ.

3. ನಕ್ಷತ್ರಗಳು

ಸೂರ್ಯನ ಸರಾಸರಿ ಸಾಂದ್ರತೆ ಕೇವಲ 1.41, ಅವನ ಕೇಂದ್ರದಲ್ಲಿ ಮಾತ್ರ ಅದು ಸುಮಾರು 150. ಈ ಸಂಖ್ಯೆಗಳಲ್ಲಿ ನಮ್ಮ ಕಲ್ಪನೆಗೆ ಮೀರಿದುದೇನೂ ಇಲ್ಲ. ಲುಬ್ಧಕ ನಕ್ಷತ್ರದ ಮಂದವಾದ ಸಂಗಾತಿಯ ವರ್ಣಪಟಲವನ್ನು 1915ರಲ್ಲಿ ಡಬ್ಲ್ಯು. ಎಸ್. ಆಡಮ್ಸ್ ಅವರು ಪರಿಶೀಲಿಸಿದಾಗ ಪರಿಸ್ಥಿತಿ ಬದಲಾಯಿತು. ಅದರ ದ್ರವ್ಯರಾಶಿ ಸೂರ್ಯನಷ್ಟು. ಗಾತ್ರವಾದರೋ ಹೆಚ್ಚು ಕಡಿಮೆ ಭೂಮಿಯಷ್ಟು. ಈಗಿನ ಲೆಕ್ಕದಂತೆ ಅದರ ಒಂದು ಘನ ಸೆಂಟಿಮೀಟರು ದ್ರವ್ಯದ ತೂಕ ನಮ್ಮ ಭೂಮಿಯ ಮೇಲೆ ಎರಡು ಟನ್ನಿಗೂ ಹೆಚ್ಚು. ಇಂತಹ ನಕ್ಷತ್ರಗಳಿಗೆ ಶ್ವೇತಕುಬ್ಜಗಳೆಂದು ಹೆಸರು.

ಇಷ್ಟು ಸಾಂದ್ರವಾದ ವಸ್ತುವು ಇನ್ನೂ ಕುಸಿಯದಂತೆ ತಡೆಯುವುದು ಯಾವುದು? ಉಷ್ಣತೆಯಲ್ಲ, ಎಲೆಕ್ಟ್ರಾನುಗಳನ್ನು ಒಂದೇ ಸ್ಥಿತಿಯಲ್ಲಿ ಒತ್ತಿಡಲಾಗದೆಂಬ ಕ್ವಾಂಟಂ ನಿಯಮ ಎಂದು ಆರ್. ಎಚ್. ಫೌಲರ್ ಅವರು 1926ರಲ್ಲಿ ತೋರಿಸಿದರು. ಈ ಒತ್ತಡವು ಸಾಂದ್ರತೆಯ 5/3ನೆಯ ಘಾತಕ್ಕೆ ಅನುಪಾತದಲ್ಲಿ ಏರುತ್ತದೆ. ನಕ್ಷತ್ರವನ್ನು ಹೊತ್ತು ನಿಲ್ಲಲು ಬೇಕಾದ ಒತ್ತಡವು 4/3ನೆಯ ಘಾತದಂತೆ ಮಾತ್ರ ಏರುವುದರಿಂದ, ಕುಗ್ಗುವ ನಕ್ಷತ್ರವು ಎಲ್ಲಿಯೋ ಒಂದೆಡೆ ನಿಂತೇ ನಿಲ್ಲುತ್ತದೆ. ಆದರೆ 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದ ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರರು ಇನ್ನೊಂದು ಅಂಶವನ್ನು ಗಮನಿಸಿದರು. ಸಾಂದ್ರತೆಯು ಬಹಳ ಹೆಚ್ಚಿದಾಗ ಎಲೆಕ್ಟ್ರಾನುಗಳ ವೇಗವು ಬೆಳಕಿನ ವೇಗವನ್ನು ಸಮೀಪಿಸುತ್ತದೆ. ಆಗ ಅವುಗಳ ಒತ್ತಡವೂ 4/3ನೆಯ ಘಾತದಂತೆಯೇ ಏರುತ್ತದೆ. ಬೇಡಿಕೆಯೂ ಪೂರೈಕೆಯೂ ಒಂದೇ ಸಮನಾಗಿ ಬೆಳೆಯುವುದರಿಂದ, ನಿರ್ದಿಷ್ಟವಾದ ಒಂದು ದ್ರವ್ಯರಾಶಿಯನ್ನು ಮೀರಿದರೆ ನಕ್ಷತ್ರವು ಎಷ್ಟು ಕುಗ್ಗಿದರೂ ನಿಲ್ಲಲಾರದು. ಇಂದು ಆ ಮಿತಿಯನ್ನು ಸೂರ್ಯನ ಸುಮಾರು 1.4ರಷ್ಟೆಂದು ಎಣಿಸಲಾಗಿದೆ. 1983ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಚಂದ್ರಶೇಖರರ ಕೀರ್ತಿಗೆ ಈ ಗಣನೆಯೇ ತಳಹದಿ.

ಮಿತಿಯನ್ನು ಮೀರಿದ ತಿರುಳು ಕುಸಿದು ನ್ಯೂಟ್ರಾನ್ ನಕ್ಷತ್ರವಾಗಬಹುದು. 1967ರಲ್ಲಿ ಜಾಸಲಿನ್ ಬೆಲ್ ಮತ್ತು ಆಂಟನಿ ಹ್ಯೂಯಿಷ್ ಅವರು ಪತ್ತೆ ಹಚ್ಚಿದ ಪಲ್ಸಾರುಗಳು ಅಂತಹವೇ. ಅವುಗಳ ಸಾಂದ್ರತೆ ಪರಮಾಣು ಬೀಜದ ಸಾಂದ್ರತೆಗೆ ಸಮೀಪ: ಘನ ಸೆಂಟಿಮೀಟರಿಗೆ ಹತ್ತಾರು ಕೋಟಿ ಟನ್ನುಗಳು. ಅದಕ್ಕೂ ಮಿಗಿಲಾದ ದ್ರವ್ಯವಿದ್ದರೆ ಕೃಷ್ಣವಿವರವೇ ಗತಿ.

4. ವಿಶ್ವ

ಕೊನೆಯದಾಗಿ ವಿಶ್ವವನ್ನೇ ಒಂದು ವಸ್ತುವೆಂದು ಭಾವಿಸಿ ಅದರ ಸರಾಸರಿ ಸಾಂದ್ರತೆಯನ್ನು ಕೇಳೋಣ. ಎಲ್ಲ ಬಗೆಯ ದ್ರವ್ಯವನ್ನೂ ಶಕ್ತಿಯನ್ನೂ ಸೇರಿಸಿದರೆ ಅದು ಘನ ಮೀಟರಿಗೆ ಸುಮಾರು ಐದು ಹೈಡ್ರೊಜನ್ ಪರಮಾಣುಗಳಿಗೆ ಸಮ. ಅದರಲ್ಲಿ ಪರಮಾಣುಗಳಿಂದಾದ ಸಾಮಾನ್ಯ ದ್ರವ್ಯದ ಪಾಲು ಸುಮಾರು ನೂರಕ್ಕೆ ಐದು ಮಾತ್ರ. ಪ್ರಯೋಗಶಾಲೆಯಲ್ಲಿ ನಾವು ಸಾಧಿಸಬಲ್ಲ ಅತ್ಯುತ್ತಮ ನಿರ್ವಾತವೂ ಇದರ ಮುಂದೆ ದಟ್ಟವೇ ಸರಿ.

ಇಷ್ಟು ವಿರಳವಾದ ವಿಶ್ವದಲ್ಲಿ ಗೆಲಕ್ಸಿಗಳು, ನಕ್ಷತ್ರಗಳು ಹೇಗೆ ಉಂಟಾದವು? ಆದಿಕಾಲದ ವಿಶ್ವದಿಂದ ನಮಗೆ ಬರುತ್ತಿರುವ ಸೂಕ್ಷ್ಮತರಂಗ ವಿಕಿರಣದ ಉಷ್ಣತೆಯಲ್ಲಿ ಲಕ್ಷಕ್ಕೆ ಒಂದು ಭಾಗದಷ್ಟು ಏರಿಳಿತಗಳಿರುವುದನ್ನು ಕೋಬಿ ಉಪಗ್ರಹದ ಅಳತೆಗಳು 1992ರಲ್ಲಿ ಪ್ರಕಟಪಡಿಸಿದವು. ಅಂದಿನ ದ್ರವ್ಯವು ಎಲ್ಲೆಡೆಯೂ ಸಮವಾಗಿ ಹರಡಿರದೆ, ಅಲ್ಲಲ್ಲಿ ಅತ್ಯಲ್ಪವಾಗಿ ಹೆಚ್ಚು ಸಾಂದ್ರವಾಗಿತ್ತೆಂಬುದಕ್ಕೆ ಇವು ಸಾಕ್ಷಿ. ತುಸು ದಟ್ಟವಾದ ಪ್ರದೇಶವು ಸುತ್ತಣ ದ್ರವ್ಯವನ್ನು ತುಸು ಹೆಚ್ಚಾಗಿ ಸೆಳೆಯಿತು. ಸೆಳೆದಂತೆ ಇನ್ನೂ ದಟ್ಟವಾಯಿತು. ದಟ್ಟವಾದಂತೆ ಇನ್ನೂ ಬಲವಾಗಿ ಸೆಳೆಯಿತು. ಹೀಗೆ ಕೋಟ್ಯಂತರ ವರ್ಷಗಳಲ್ಲಿ ಗೆಲಕ್ಸಿಗಳೂ, ಅವುಗಳೊಳಗೆ ನಕ್ಷತ್ರಗಳೂ, ನಕ್ಷತ್ರಗಳ ಸುತ್ತ ಗ್ರಹಗಳೂ ರೂಪುಗೊಂಡವು. ಆ ಅಂತರವು ಇಲ್ಲದಿದ್ದ ಪಕ್ಷದಲ್ಲಿ ವಿಶ್ವವು ಇಂದಿಗೂ ಎಲ್ಲೆಡೆ ಏಕರೂಪವಾದ ವಿರಳ ಅನಿಲವಾಗಿಯೇ ಉಳಿದು, ಅದನ್ನು ಅಳೆಯುವವರಾರೂ ಇರುತ್ತಿರಲಿಲ್ಲ.

ವಿಶ್ವದ ಸರಾಸರಿಯಿಂದ ನ್ಯೂಟ್ರಾನ್ ನಕ್ಷತ್ರದವರೆಗೆ ಸಾಂದ್ರತೆಯು 1ರ ಮುಂದೆ 43 ಸೊನ್ನೆಗಳನ್ನಿಟ್ಟರೆ ಆಗುವ ಸಂಖ್ಯೆಗೂ ಮಿಗಿಲಾಗಿ ವ್ಯಾಪಿಸಿದೆ. ಈ ವಿಸ್ತಾರವು ಬೆರಗನ್ನು ಹುಟ್ಟಿಸತಕ್ಕದ್ದೇ. ಆದರೆ ವಿದ್ಯಾರ್ಥಿಗಳು ಇದರೊಡನೆ ಲಕ್ಷಕ್ಕೆ ಒಂದು, ಹತ್ತು ಸಾವಿರಕ್ಕೆ ಒಂದು, ಸಾವಿರಕ್ಕೆ ಕೆಲವು ಎಂಬ ಚಿಕ್ಕ ಅಂತರಗಳನ್ನೂ ಗಮನದಲ್ಲಿಡಬೇಕೆಂದು ನಾವು ಆಶಿಸುತ್ತೇವೆ. ಯಾವುದೇ ವಸ್ತುವಿನ ವಿಷಯದಲ್ಲಿ ಅದರ ಸರಾಸರಿ ಸಾಂದ್ರತೆ ಎಷ್ಟು, ಅದು ತನ್ನ ಸುತ್ತಣದಕ್ಕಿಂತ ಎಷ್ಟು ಭಿನ್ನ, ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವುಳ್ಳವರಿಗೆ ಭೂಗರ್ಭವೂ ನಕ್ಷತ್ರದ ಒಡಲೂ ಸಂಪೂರ್ಣವಾಗಿ ಮರೆಯಾಗಿ ಉಳಿಯುವುದಿಲ್ಲ.