ಸುಪರ್ದಿಯ ಆದೇಶ ಮತ್ತು ಮಗುವಿನ ದಿನಚರಿ

ವಿವಾಹ ವಿಚ್ಛೇದನದಿಂದ ಮುಗಿಯುವುದು ಗಂಡ ಹೆಂಡತಿಯರ ಸಂಬಂಧವೇ ಹೊರತು ತಂದೆ ತಾಯಿಯರ ಹೊಣೆಯಲ್ಲ ಎಂಬುದನ್ನು ಭಾರತದ ನ್ಯಾಯಾಲಯಗಳು ಹೇಳುತ್ತಲೇ ಬಂದಿವೆಯಾದರೂ, ಆ ಹೊಣೆಯನ್ನು ಎರಡು ಮನೆಗಳ ನಡುವೆ ಹಂಚಿಕೊಳ್ಳುವ ಬಗೆ ಯಾವುದು ಎಂಬುದಕ್ಕೆ ಕಾಯ್ದೆಯಲ್ಲಿ ಇನ್ನೂ ನೇರ ಉತ್ತರವಿಲ್ಲ. ಮಗು ಯಾರ ಬಳಿ ಇರಬೇಕು, ಅದರ ದಿನನಿತ್ಯದ ಆರೈಕೆ ಯಾರದು ಎಂಬುದು ಸುಪರ್ದಿಗೆ ಸಂಬಂಧಿಸಿದ ವಿಷಯ. ಮಗುವಿನ ಆಸ್ತಿ ಮತ್ತು ಹಿತಾಸಕ್ತಿಗಳ ಕುರಿತು ಅದರ ಪರವಾಗಿ ತೀರ್ಮಾನಿಸುವ ಕಾನೂನುಬದ್ಧ ಅಧಿಕಾರ ಪಾಲಕತ್ವ. ಇವೆರಡೂ ಬೇರೆ ಬೇರೆಯಾದ್ದರಿಂದ, ಒಬ್ಬರ ಸುಪರ್ದಿಯಲ್ಲಿರುವ ಮಗುವಿಗೆ ಇನ್ನೊಬ್ಬರು ಪಾಲಕರಾಗಿ ಮುಂದುವರಿಯುವುದು ಸಾಧ್ಯ.

ಈ ವಿಷಯದಲ್ಲಿ ಎಲ್ಲ ಧರ್ಮೀಯರಿಗೂ ಅನ್ವಯಿಸುವ ಮೂಲ ಶಾಸನವೆಂದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಹಿಂದೂಗಳಿಗಾಗಿ ರೂಪುಗೊಂಡ 1956ರ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯು ತಂದೆಯನ್ನು, ಅವನ ನಂತರ ತಾಯಿಯನ್ನು ಸ್ವಾಭಾವಿಕ ಪಾಲಕರೆಂದು ಹೆಸರಿಸಿತು. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೆ ಸೇರಬೇಕು ಎಂದೂ, ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಹಿತವನ್ನೇ ಪರಿಗಣಿಸಬೇಕು ಎಂದೂ ಅದೇ ಕಾಯ್ದೆ ವಿಧಿಸಿತು. ‘ನಂತರ’ ಎಂದರೆ ತಂದೆ ತೀರಿಕೊಂಡ ಮೇಲೆ ಮಾತ್ರ ಎಂದು ಅರ್ಥ ಮಾಡಬೇಕಾಗಿಲ್ಲ, ತಂದೆ ಮಗುವಿನ ಹೊಣೆಯಿಂದ ದೂರವಿರುವಾಗಲೂ ತಾಯಿಯೇ ಸ್ವಾಭಾವಿಕ ಪಾಲಕಿ ಎಂದು ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ನೀಡಿತು.

ಸುಪರ್ದಿಯ ಅರ್ಜಿ ಕೌಟುಂಬಿಕ ನ್ಯಾಯಾಲಯದ ಮುಂದೆ ಬಂದಾಗ ನ್ಯಾಯಾಧೀಶರು ಮಗುವಿನ ವಯಸ್ಸು, ಆರೋಗ್ಯ, ಓದು, ಅದಕ್ಕೆ ರೂಢಿಯಾಗಿರುವ ಪರಿಸರ ಹಾಗೂ ತಂದೆ ತಾಯಿಯರ ನಡತೆಯನ್ನು ತೂಗಿ ನೋಡುತ್ತಾರೆ. ವಿವೇಚಿಸಿ ಹೇಳುವಷ್ಟು ಬೆಳೆದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸುತ್ತಾರೆ. ಆದರೆ ಬಹುಪಾಲು ಆದೇಶಗಳು ಒಬ್ಬರಿಗೆ ಸುಪರ್ದಿ, ಇನ್ನೊಬ್ಬರಿಗೆ ಭೇಟಿಯ ಹಕ್ಕು ಎಂಬ ಚೌಕಟ್ಟಿನಲ್ಲೇ ನಿಲ್ಲುವುದರಿಂದ, ಭೇಟಿಯ ಹಕ್ಕು ಮಾತ್ರ ಪಡೆದವರು ವಾರಾಂತ್ಯದ ಅತಿಥಿಗಳಾಗಿಬಿಡುತ್ತಾರೆ.

ಈ ಚೌಕಟ್ಟನ್ನು ಮೀರಿದ ಪ್ರಯತ್ನ ಕರ್ನಾಟಕದಲ್ಲೇ ನಡೆದಿದೆ. 2013ರಲ್ಲಿ ರಾಜ್ಯ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಪ್ರತಿ ವರ್ಷ ಜನವರಿಯಿಂದ ಜೂನ್‌ವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಬೇಕು, ಶಿಕ್ಷಣವೂ ಸೇರಿದಂತೆ ಖರ್ಚನ್ನು ಇಬ್ಬರೂ ಸಮನಾಗಿ ಭರಿಸಬೇಕು, ಮಗುವನ್ನು ಶನಿವಾರ ಭಾನುವಾರಗಳಂದು ಕಾಣಲು ಇನ್ನೊಬ್ಬರಿಗೆ ಅವಕಾಶವಿರಬೇಕು, ದೂರವಾಣಿ ಅಥವಾ ವಿಡಿಯೊ ಕರೆಗೆ ಅಡ್ಡಿ ಮಾಡಬಾರದು ಎಂದು ಆದೇಶಿಸಿತು. ತಂದೆ ತಾಯಿ ಇಬ್ಬರೂ ಮಗುವಿನ ವಾಸ ಮತ್ತು ಆರೈಕೆಯನ್ನು ಹಂಚಿಕೊಳ್ಳುವ ಇಂತಹ ವ್ಯವಸ್ಥೆಯೇ ಜಂಟಿ ಸುಪರ್ದಿ. ಹಂಚಿಕೆ ಸಮನಾಗಿದ್ದರೂ, ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಒಮ್ಮೆ, ತರಗತಿಯ ನಡುವೆ ಜನವರಿಯಲ್ಲಿ ಮತ್ತೊಮ್ಮೆ ಮಗು ಮನೆ ಬದಲಿಸಬೇಕಾಗುವುದರಿಂದ, ಎರಡೂ ಮನೆಗಳು ಒಂದೇ ಶಾಲೆಗೆ ಹತ್ತಿರವಿದ್ದರೆ ಮಾತ್ರ ಇಂತಹ ಏರ್ಪಾಡು ಬಾಳಿಕೆ ಬರುತ್ತದೆ. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಶಾಸನಬದ್ಧ ಸ್ಥಾನ ನೀಡುವಂತೆ ಶಿಫಾರಸು ಮಾಡಿತು. ಎರಡೂ ಕಡೆಯ ಪ್ರೀತಿ ಪಡೆಯುವುದು ಮಗುವಿನ ಹಕ್ಕು ಎಂದು 2020ರಲ್ಲಿ ಒತ್ತಿ ಹೇಳಿದ ಸುಪ್ರೀಂ ಕೋರ್ಟ್, ದೂರದಲ್ಲಿರುವವರು ಸಾಧ್ಯವಾದರೆ ದಿನವೂ ಕೆಲವು ನಿಮಿಷ ವಿಡಿಯೊ ಕರೆಯಲ್ಲಿ ಮಗುವಿನೊಂದಿಗೆ ಮಾತನಾಡುವಂತಿರಬೇಕು ಎಂದಿತು.

ಆದರೂ ನ್ಯಾಯಾಲಯದ ಆದೇಶ ದಿನಚರಿಯ ಒಳಹೊಕ್ಕು ನೋಡಲಾರದು. ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ದಂಪತಿ ಮಧ್ಯಸ್ಥಿಕೆ ಕೇಂದ್ರದಲ್ಲಿ ಕುಳಿತು ಬರೆದುಕೊಳ್ಳುವ ಒಪ್ಪಂದ ಈ ಕೊರತೆಯನ್ನು ತುಂಬಬಲ್ಲದು. ಆದರೆ ಜೀವನಾಂಶದ ಮೊತ್ತಕ್ಕೆ ಪುಟಗಟ್ಟಲೆ ಷರತ್ತು ಬರೆಸುವವರು ಮಗುವಿನ ವಿಷಯವನ್ನು ‘ಸೂಕ್ತ ಭೇಟಿ’ ಎಂಬ ಎರಡು ಪದಗಳಲ್ಲಿ ಮುಗಿಸಿದರೆ ಮುಂದಿನ ಜಗಳಕ್ಕೆ ಅಲ್ಲೇ ಬೀಜ ಬೀಳುತ್ತದೆ. ಶುಕ್ರವಾರ ಸಂಜೆ ಶಾಲೆಯ ಗೇಟಿನಿಂದ ಯಾರು ಕರೆದೊಯ್ಯಬೇಕು, ಭಾನುವಾರ ಎಷ್ಟು ಗಂಟೆಗೆ ಮರಳಿ ಬಿಡಬೇಕು, ದಸರಾ ರಜೆ ಮತ್ತು ಬೇಸಿಗೆ ರಜೆಯ ಯಾವ ಭಾಗ ಯಾರದು, ಈ ವರ್ಷದ ಯುಗಾದಿ ಯಾವ ಮನೆಯಲ್ಲಿ, ಜ್ವರ ಬಂದ ದಿನ ಭೇಟಿ ತಪ್ಪಿದರೆ ಬದಲಿ ದಿನ ಯಾವುದು, ಪಾಸ್‌ಪೋರ್ಟ್ ಯಾರ ಬಳಿ, ಶಾಲೆಯ ಸಭೆಯ ಸೂಚನೆ ಇಬ್ಬರ ಮೊಬೈಲಿಗೂ ಬರುತ್ತದೆಯೇ ಎಂಬಷ್ಟು ವಿವರ ಅದರಲ್ಲಿರಬೇಕು.

ಮಾಜಿ ಸಂಗಾತಿಯ ಮೇಲೆ ಮಗುವಿಗೆ ದ್ವೇಷ ಹುಟ್ಟಿಸುವ ಮಾತುಗಳು ಈ ಎಲ್ಲ ಏರ್ಪಾಡನ್ನೂ ಒಳಗಿನಿಂದ ಕೆಡಿಸುತ್ತವೆ. 2017ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮಗುವಿಗಾಗುವ ಮಾನಸಿಕ ಹಾನಿಯಾಗಿ ಚರ್ಚಿಸಿದೆ. ಇನ್ನೊಂದೆಡೆ, ಹಿಂಸೆ ನಡೆದ ಮನೆಗಳಿಗೆ ಜಂಟಿ ಸುಪರ್ದಿಯನ್ನು ಸೂತ್ರದಂತೆ ಅನ್ವಯಿಸುವುದು ಅಪಾಯಕಾರಿ. ಅಲ್ಲಿ ಮೊದಲು ನೋಡಬೇಕಾದುದು ಸುರಕ್ಷತೆಯನ್ನು, ಹಂಚಿಕೆಯ ಮಾತು ಅನಂತರದ್ದು.

ಸುಪರ್ದಿಯ ಆದೇಶ ಎಂದಿಗೂ ಅಂತಿಮವಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ಮಾರ್ಪಡಿಸುವಂತೆ ಕೋರಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ಒಂದು ತೀರ್ಪನ್ನು ಗೆಲುವೆಂದೋ ಸೋಲೆಂದೋ ಎಣಿಸದೆ, ಮುಂದಿನ ಒಂದು ಶೈಕ್ಷಣಿಕ ವರ್ಷದ ವ್ಯವಸ್ಥೆಯನ್ನು ಇಬ್ಬರೂ ಕೂಡಿ ಬರೆದು ಸಹಿ ಹಾಕುವುದು, ವರ್ಷ ಕಳೆದ ಮೇಲೆ ಮಗುವಿನ ಅಗತ್ಯಕ್ಕೆ ತಕ್ಕಂತೆ ತಿದ್ದುವುದು ಬೇರ್ಪಟ್ಟ ತಂದೆ ತಾಯಿ ತಕ್ಷಣ ಮಾಡಬಹುದಾದ ಕೆಲಸ. ಅದಕ್ಕೆ ಶಾಸನದ ತಿದ್ದುಪಡಿಗೆ ಕಾಯಬೇಕಾಗಿಲ್ಲ.